ನನಗಿಲ್ಲದ ರೂಢಿಗಳು

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸ್ಟೇಷನರಿ ಅಂಗಡಿಯಿದೆ. ಮೂರು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಅಲ್ಲಿ ನಾನು ಅಂಗಿಯ ಜೇಬಿನಲ್ಲಿ ಹಿಡಿಸುವಂಥ ಒಂದು ಸಣ್ಣ ನೋಟುಬುಕ್ಕು ಕೊಂಡೆ. ಕೊಂಡವನು ಅದನ್ನು ಹಾಗೇ ಜೇಬಿಗೆ ಇಳಿಸಲಿಲ್ಲ. ಅಂಗಡಿಯ ಪಕ್ಕದ ಸಂದಿಗೆ ಹೋಗಿ ಅದರ ರಟ್ಟನ್ನು ನಾಲ್ಕಾರು ಸಲ ಹಿಂದೆ ಮುಂದೆ ಮಡಚಿದೆ, ಮೂಲೆಗಳನ್ನು ಉಗುರಿನಿಂದ ಕೆರೆದೆ, ಪ್ಯಾಂಟಿಗೆ ತಿಕ್ಕಿದೆ. ಹೊಸದು ಹಳೆಯದಾಗಿ ಕಾಣಬೇಕಿತ್ತು. ಆಗ ನನಗೆ ಐವತ್ತೊಂದು ವರ್ಷ. ಸವದತ್ತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಕಾಪಿ ಹೊಡೆಯುವ ಹುಡುಗರನ್ನು ಹಿಡಿದು ನಿಲ್ಲಿಸುವುದೂ ನನ್ನ ಕೆಲಸದ ಒಂದು ಭಾಗ.

ನಾನು ಎರಡು ಕಥಾಸಂಕಲನ ತಂದಿದ್ದೇನೆ. ಎರಡನೆಯದು ಬಂದು ಆಗಲೇ ಎಂಟು ವರ್ಷವಾಗಿತ್ತು. ಆಮೇಲೆ ಒಂದು ಕಥೆಯೂ ಹುಟ್ಟಿರಲಿಲ್ಲ. ಮುನ್ನುಡಿ ಬರೆಯುತ್ತಿದ್ದೆ, ಅಧ್ಯಕ್ಷ ಭಾಷಣ ಮಾಡುತ್ತಿದ್ದೆ, ಹಾರ ಹಾಕಿಸಿಕೊಳ್ಳುತ್ತಿದ್ದೆ. ಸುತ್ತಲಿನ ಊರುಗಳಲ್ಲಿ ಜನ ನನ್ನನ್ನು ಸಾಹಿತಿಗಳು ಎಂದೇ ಕರೆಯುತ್ತಿದ್ದರು. ಕರೆದಾಗ ನಾನು ತಿರುಗಿ ನೋಡುತ್ತಿದ್ದೆ. ಆ ಶನಿವಾರ ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಹೊಸ ಬರಹಗಾರರಿಗಾಗಿ ಒಂದು ದಿನದ ಶಿಬಿರವಿತ್ತು. ನನಗೆ ಕೊಟ್ಟ ವಿಷಯ, ಬರಹಗಾರನಿಗೆ ಬೇಕಾದ ಸಾಧನಗಳು ಮತ್ತು ರೂಢಿಗಳು.

ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಹೇಳುವುದಕ್ಕೆ ಈಗ ನಾಚಿಕೆಯಾಗುತ್ತದೆ. ಬೆಳಗಿನ ಐದಕ್ಕೆ ಏಳಬೇಕು, ಸೂರ್ಯ ಮೂಡುವ ಮೊದಲು ಒಂದು ಪುಟ ಬರೆಯಬೇಕು, ಏನೂ ಹೊಳೆಯದಿದ್ದರೂ ಕೂತೇ ಇರಬೇಕು ಎಂದೆ. ಮಗ್ಗುಲಲ್ಲಿ ನಿಘಂಟು ಇರಬೇಕು, ಆಡುವ ಮಾತಿನಲ್ಲೇ ಬರೆದುಬಿಟ್ಟರೆ ಸಾಹಿತ್ಯವಾಗುವುದಿಲ್ಲ, ಶುದ್ಧವಾದ ಪದ ಹುಡುಕಬೇಕು ಎಂದೆ. ಬರೆದದ್ದನ್ನು ಐದು ಸಲ ತಿದ್ದಬೇಕು ಎಂದೆ. ಕೊನೆಗೆ ಜೇಬಿನಿಂದ ಆ ನೋಟುಬುಕ್ಕು ತೆಗೆದು ಎತ್ತಿ ಹಿಡಿದೆ. ಇಪ್ಪತ್ತು ವರ್ಷದಿಂದ ಇಂಥದೊಂದು ನನ್ನ ಎದೆಯ ಮೇಲೆ ಇಲ್ಲದ ದಿನವಿಲ್ಲ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ನಿಜ ಹೇಳಬೇಕೆಂದರೆ ನಾನು ಏಳುವುದು ಏಳಕ್ಕೆ, ಅದೂ ಹೆಂಡತಿ ಎರಡು ಸಲ ಎಬ್ಬಿಸಿದ ಮೇಲೆ. ನಿಘಂಟನ್ನು ಕೊನೆಯ ಸಲ ತೆರೆದದ್ದು ಬಿ.ಎಡ್ ಓದುವಾಗ. ನನ್ನ ಒಳ್ಳೆಯ ಕಥೆಗಳೆಂದು ಜನ ಹೇಳುವ ಮೂರನ್ನೂ ನಾನು ತಿದ್ದಿಯೇ ಇರಲಿಲ್ಲ. ಒಂದೇ ಏಟಿಗೆ ಬಂದಿದ್ದವು, ಹೇಗೆ ಬಂದವೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವಿಲ್ಲದೆ ಯಾರೋ ಹೇಳಿದ್ದನ್ನು, ಎಲ್ಲೋ ಕೇಳಿದ್ದನ್ನು ನನ್ನದೆಂದು ಹೇಳಿದೆ.

ಎರಡನೆಯ ಸಾಲಿನಲ್ಲಿ, ಕಾಲೇಜಿನ ಹುಡುಗಿಯರ ನಡುವೆ, ಸುಮಾರು ನಲವತ್ತೈದರ ಒಬ್ಬ ಹೆಣ್ಣುಮಗಳು ಕೂತಿದ್ದಳು. ತಲೆಯ ಮೇಲೆ ಸೆರಗು, ತೊಡೆಯ ಮೇಲೆ ವಹಿ. ನಾನು ಹೇಳಿದ ಒಂದು ಮಾತನ್ನೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಮಾತು ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ನನ್ನ ಹತ್ತಿರ ಬಂದು ತನ್ನ ಪರಿಚಯ ಹೇಳಿಕೊಂಡಳು. ರಾಮದುರ್ಗದವಳು. ಮನೆಯಲ್ಲಿ ಮೂರು ಪವರ್‌ಲೂಮ್ ಮಗ್ಗ. ಗಂಡ ನೇಯುತ್ತಾನೆ, ಈಕೆ ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಮದುವೆಯಾಗಿತ್ತು. ಏನೋ ಸ್ವಲ್ಪ ಬರೆಯುತ್ತೇನೆ ಎಂದು ದನಿ ತಗ್ಗಿಸಿ ಹೇಳಿದಳು. ಆಮೇಲೆ ಕೇಳಿದಳು.

"ಸರ್ರ, ನಿಮ್ಮ ಆ ವಹಿಯೊಳಗ ಒಂದ ಒಂದು ಹಾಳಿ ತೋರಸ್ತೀರೇನ್ರಿ? ಹೆಂಗ ಬರಕೋಬೇಕು ಅಂತ ನೋಡಬೇಕಿತ್ರಿ."

ನನ್ನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಬರಹಗಾರನ ಟಿಪ್ಪಣಿಗಳು ಅವನ ಖಾಸಗಿ ವಿಷಯ, ಅದನ್ನು ಯಾರೂ ಕೇಳಬಾರದು ಎಂದೆ. ಸ್ವಲ್ಪ ಗಡುಸಾಗಿಯೇ ಅಂದಿರಬೇಕು. ಆಕೆಯ ಮುಖ ಸಣ್ಣದಾಯಿತು. ತಪ್ಪಾತ್ರಿ, ಗೊತ್ತಿರಲಿಲ್ರಿ ಎಂದು ಕೈ ಮುಗಿದಳು. ಖಾಲಿ ಹಾಳೆಗಳನ್ನು ಎದೆಯ ಮೇಲೆ ಇಟ್ಟುಕೊಂಡು ನಾನು ಆ ಕ್ಷಮೆಯನ್ನು ಸ್ವೀಕರಿಸಿದೆ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಆಕೆ ಸವದತ್ತಿಯ ನಮ್ಮ ಮನೆಗೆ ಬಂದಳು. ಓಣಿಯ ಹೆಂಗಸರ ಜೊತೆ ಗುಡ್ಡಕ್ಕೆ ದೇವಿಯ ದರ್ಶನಕ್ಕೆ ಬಂದಿದ್ದವಳು, ಅವರನ್ನು ಅಲ್ಲೇ ಬಿಟ್ಟು, ವಿಳಾಸ ಕೇಳುತ್ತ ಕೇಳುತ್ತ ಬಂದಿದ್ದಳು. ಕೈಚೀಲದಲ್ಲಿ ಮೂರು ಉದ್ದನೆಯ ವಹಿಗಳಿದ್ದವು, ಜೊತೆಗೆ ದಾರದಿಂದ ಕಟ್ಟಿದ ಒಂದು ಕಾಗದದ ಕಟ್ಟು. ನೂಲಿನ ಪಿಂಡಿಗಳಿಗೆ ಸುತ್ತಿ ಬರುವ ಕಂದು ಬಣ್ಣದ ಕಾಗದವನ್ನು ಕತ್ತರಿಸಿ, ಅದರ ಹಿಂಬದಿಗೆ ಪೆನ್ಸಿಲ್ಲಿನಿಂದ ಬರೆದದ್ದು. ಕಟ್ಟು ಶಿಬಿರಕ್ಕಿಂತ ಮೊದಲಿನದು, ವಹಿಗಳು ಆಮೇಲಿನವು ಎಂದಳು. ನೀವು ಹೇಳಿದ ಹಾಗೇ ಮಾಡಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ, ಪುರಸೊತ್ತಾದಾಗ ನೋಡಿ ಹೇಳಬೇಕು ಎಂದು ಕೇಳಿಕೊಂಡಳು.

ನನ್ನ ಹೆಂಡತಿ ಉಪ್ಪಿಟ್ಟು, ಚಹಾ ತಂದಿಟ್ಟು ಅಲ್ಲೇ ಕೂತಳು. ಆಕೆ ಅವಳ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದಳು, "ಅಕ್ಕಾರ, ಸರ್ ಐದಕ್ಕ ಏಳ್ತಾರಂದ್ರ ನೀವು ಅವರಿಗೆ ಚಾ ಮಾಡಾಕ ನಾಕಕ್ಕ ಏಳ್ತೀರೇನ್ರಿ?"

ಹೆಂಡತಿ ನನ್ನನ್ನು ನೋಡಿದಳು. ನಾನು ತಟ್ಟೆಯನ್ನು ನೋಡಿದೆ. ಅವಳು, ಇಲ್ಲವ್ವಾ, ಅವರ ಚಹಾ ಅವರೇ ಮಾಡಿಕೊಳ್ಳುತ್ತಾರೆ ಎಂದಳು. ಆಕೆ ಮೆಚ್ಚಿಕೊಂಡು ತಲೆಯಾಡಿಸಿದಳು. ಆಕೆಯನ್ನು ಬಾಗಿಲತನಕ ಕಳಿಸಿ ಬಂದ ಹೆಂಡತಿ ಜಗಳ ಮಾಡಲಿಲ್ಲ. ಪಾತ್ರೆ ಎತ್ತಿಕೊಳ್ಳುತ್ತ ಇಷ್ಟೇ ಅಂದಳು: "ನಿಮ್ಮ ಸುಳ್ಳು ನೀವು ಹೇಳ್ಕೋರಿ. ನನ್ನ ಬಾಯಿಲೆ ಯಾಕ ಹೇಳಸ್ತೀರಿ?"

ಆ ವಹಿಗಳನ್ನೂ ಕಟ್ಟನ್ನೂ ನಾನು ಕಪಾಟಿನ ಮೇಲೆ, ಹಳೆಯ ಉತ್ತರಪತ್ರಿಕೆಗಳ ಪಕ್ಕ ಇಟ್ಟೆ. ಓದಬೇಕು ಎಂದುಕೊಂಡೇ ನಾಲ್ಕು ತಿಂಗಳು ಕಳೆದವು. ಆಕೆ ಎರಡು ಸಲ ಫೋನು ಮಾಡಿದಳು. ಓದಿದಿರೇನು ಎಂದು ಕೇಳಲಿಲ್ಲ. ಆರಾಮ ಇದ್ದೀರಾ, ಅಕ್ಕಾರು ಆರಾಮ ಇದ್ದಾರಾ ಎಂದಷ್ಟೇ ಕೇಳಿದಳು.

ದೀಪಾವಳಿಗೆ ಮುಂಚೆ ಒಂದು ಪತ್ರಿಕೆಯ ಸಂಪಾದಕರು ವಿಶೇಷಾಂಕಕ್ಕೆ ಕಥೆ ಕೇಳಿದರು. ಎಷ್ಟೋ ವರ್ಷದ ಮೇಲೆ ಒಬ್ಬ ಸಂಪಾದಕರು ತಾವಾಗಿ ಕೇಳಿದ್ದರು. ಹತ್ತು ದಿನದೊಳಗೆ ಕೊಡುತ್ತೇನೆ ಎಂದೆ. ಶಾಲೆ ಬಿಟ್ಟು ಬಂದು ದಿನಾ ಸಂಜೆ ಕೂತೆ. ಹೆಸರಿಗೊಂದು ಸಾಲು ಬರೆದು ಹೊಡೆದುಹಾಕಿದೆ. ಏಳನೆಯ ದಿನ ಬೇಸತ್ತು ಎದ್ದು, ಸುಮ್ಮನೆ ನೋಡೋಣವೆಂದು ಆ ಕಂದು ಕಾಗದದ ಕಟ್ಟನ್ನು ಬಿಚ್ಚಿದೆ. ಸುಮ್ಮನೆ ಎಂಬುದು ಆಗ ನಾನು ನನಗೇ ಹೇಳಿಕೊಂಡ ಮಾತು.

ಅದರಲ್ಲಿ ಆಕೆ ತನ್ನ ಅತ್ತೆಯ ಬಗ್ಗೆ ಬರೆದಿದ್ದಳು. ಮಗ್ಗಗಳ ಸದ್ದಿನ ನಡುವೆಯೇ ಆಯುಷ್ಯ ಕಳೆದ ಆ ಮುದುಕಿಗೆ ಕಿವಿ ಪೂರ್ತಿ ಹೋಗಿವೆ. ಮಗ್ಗದ ಕೋಣೆಯ ಗೋಡೆಗೆ ತಾಗಿ ಹಾಸಿಗೆ ಹಾಕಿಕೊಂಡು ಕೂತಿರುತ್ತಾಳೆ. ಮೂರೂ ಮಗ್ಗ ಒಟ್ಟಿಗೆ ನಡೆದಾಗ ಆ ಗದ್ದಲದಲ್ಲಿ ಯಾವುದು ಕೆಟ್ಟಿದೆ ಎಂಬುದು ಕಿವಿ ಇದ್ದವರಿಗೆ ತಿಳಿಯುವುದಿಲ್ಲ. ಮುದುಕಿ ಮಾತ್ರ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ನಡುವಿನ ಮಗ್ಗಕ್ಕ ತೇಕು ಹತ್ತೇತಿ ನೋಡ್ರಿ" ಎನ್ನುತ್ತಾಳೆ, ಮನುಷ್ಯರಿಗೆ ಏದುಸಿರು ಬಂದ ಹಾಗೆ. ಮಗ ಹೋಗಿ ನೋಡಿದರೆ ನಡುವಿನದರಲ್ಲೇ ಬೋಲ್ಟು ಸಡಿಲವಾಗಿರುತ್ತದೆ. ಇದಷ್ಟನ್ನೂ ಆಕೆ ಒಂದೂವರೆ ಹಾಳೆಯಲ್ಲಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದಿದ್ದಳು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಎಂಟು ವರ್ಷದಲ್ಲಿ ನಾನು ಕಾಣದೇ ಇದ್ದದ್ದು ಅಲ್ಲಿತ್ತು.

ಎರಡೇ ದಿನದಲ್ಲಿ ನನ್ನ ಕಥೆ ಮುಗಿಯಿತು. ಅತ್ತೆಯನ್ನು ಅಜ್ಜಿ ಮಾಡಿದೆ, ರಾಮದುರ್ಗವನ್ನು ಮುರಗೋಡ ಮಾಡಿದೆ, ಮೊಮ್ಮಗಳೊಬ್ಬಳನ್ನು ಸೇರಿಸಿದೆ. ಅಂಗೈಯನ್ನು ಹಾಗೇ ಇಟ್ಟುಕೊಂಡೆ. ಆ ತೇಕು ಹತ್ತಿದ ಮಾತನ್ನೂ ಹಾಗೇ ಇಟ್ಟುಕೊಂಡೆ. ಬರಹಗಾರರು ಎಲ್ಲಿಂದಲೋ ತೆಗೆದುಕೊಳ್ಳಲೇಬೇಕು, ಕಂಡದ್ದು ಕೇಳಿದ್ದು ಎಲ್ಲಾ ನಮ್ಮ ಸಾಮಾನೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಇದು ಕಂಡದ್ದೂ ಅಲ್ಲ, ಕೇಳಿದ್ದೂ ಅಲ್ಲ, ಓದಿದ್ದು. ನನ್ನ ಅಭಿಪ್ರಾಯ ಕೇಳಲು ನಂಬಿ ಕೊಟ್ಟದ್ದನ್ನು ಓದಿದ್ದು.

ಕಥೆ ಬಂತು. ಜನ ಮೆಚ್ಚಿದರು. ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿಸಿದರು. ವಾಟ್ಸಾಪಿನಲ್ಲಿ ಬಂದ ಹತ್ತು ಸಂದೇಶಗಳಲ್ಲಿ ಎಂಟು ಆ ಅಂಗೈಯ ಬಗ್ಗೆಯೇ ಇದ್ದವು. ಅದು ಹೇಗೆ ಹೊಳೆಯಿತು ಎಂದು ಮುನವಳ್ಳಿಯ ಒಬ್ಬ ಗೆಳೆಯರು ಕೇಳಿದಾಗ, ಹಿಂದೊಮ್ಮೆ ನೇಕಾರರ ಮನೆಯಲ್ಲಿ ಗಮನಿಸಿದ್ದೆ ಎಂದೆ.

ವಾರದೊಳಗೆ ಆಕೆಯ ಫೋನು ಬಂತು. ಎತ್ತುವ ಮೊದಲು ಎರಡು ಸಲ ಕಡಿದುಹೋಗಲು ಬಿಟ್ಟೆ. ಮೂರನೆಯ ಸಲ ಎತ್ತಿದೆ.

"ಸರ್ರ, ಕಥಿ ಓದಿದೆ. ನಮ್ಮ ಅತ್ತಿ ಭಾಳ ಚಂದ ಬಂದಾರ್ರಿ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಚುಚ್ಚುಮಾತೂ ಇರಲಿಲ್ಲ. ತಾನು ಬರೆದದ್ದು ನನಗೆ ಉಪಯೋಗಕ್ಕೆ ಬಂತಲ್ಲ ಎಂದು ಸಂತೋಷಪಟ್ಟಳು. ಮುಂದಿನ ಸಲ ಗುಡ್ಡಕ್ಕೆ ಬಂದಾಗ ವಹಿಗಳನ್ನು ಒಯ್ಯುತ್ತೇನೆ ಎಂದಳು. ಆಕೆ ಬೈದಿದ್ದರೆ ನಾನು ಬಹುಶಃ ವಾದ ಮಾಡುತ್ತಿದ್ದೆ. ವಾದಕ್ಕೆ ಜಾಗವೇ ಇರಲಿಲ್ಲ. ಬೇಡ, ನಾನೇ ತಂದುಕೊಡುತ್ತೇನೆ ಎಂದೆ.

ಹೋಗುವ ಮೊದಲು ಮೂರೂ ವಹಿಗಳನ್ನು ಓದಿದೆ. ಅಲ್ಲಿ ನನಗೆ ಇನ್ನೊಂದು ಪೆಟ್ಟು ಕಾದಿತ್ತು. ಶಿಬಿರಕ್ಕಿಂತ ಮೊದಲಿನ ಕಂದು ಕಾಗದಗಳಲ್ಲಿ ಜೀವವಿತ್ತು. ಶಿಬಿರದಿಂದ ಹೋದ ಮೇಲೆ ಬರೆದ ವಹಿಗಳಲ್ಲಿ ಅದರ ಸುಳಿವೂ ಇರಲಿಲ್ಲ. ಪುಟದ ತುದಿಗೆ ದಿನಾಂಕ, ಅದರ ಕೆಳಗೆ ಐದು ಗಂಟೆ ಎಂದು ಬರೆದು ಶುರು. ಒಂದು ಕಡೆ ಹೀಗಿತ್ತು: ಇಂದು ಐದಕ್ಕೆ ಎದ್ದೆ, ಏನೂ ಬರಲಿಲ್ಲ, ಬರದಿದ್ದರೂ ಕೂಡಬೇಕೆಂದು ಸರ್ ಹೇಳಿದ್ದಾರೆ, ಕೂತೆ. ಅಂಥ ಪುಟಗಳು ಎಷ್ಟೋ. ಅತ್ತೆಗೆ ಕಿವಿ ಕೇಳುವುದಿಲ್ಲ ಎಂದು ಮೊದಲು ಬರೆದವಳು ಈಗ ಶ್ರವಣದೋಷದಿಂದ ಬಳಲುತ್ತಿರುವ ಅತ್ತೆಯವರು ಎಂದು ಬರೆದಿದ್ದಳು. ಒಂದು ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ನನಗೆ ಬರೆಯಲು ಬರುವುದಿಲ್ಲವೇನೋ ಎಂದಿತ್ತು. ಒಳ್ಳೆಯದನ್ನು ಕದ್ದವನೂ ನಾನೇ, ಉಳಿದದ್ದನ್ನು ಕೆಡಿಸಿದವನೂ ನಾನೇ.

ಮುಂದಿನ ಭಾನುವಾರ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸುತ್ತ ಕೂತಿದ್ದೆ. ಜೋಡಿಸಿದ್ದೆಲ್ಲಾ ನನ್ನನ್ನು ಸ್ವಲ್ಪ ಕಡಿಮೆ ಕೆಟ್ಟವನಾಗಿ ತೋರಿಸುವಂಥದೇ ಆಗಿತ್ತು. ಓಣಿಗೆ ಕಾಲಿಟ್ಟಾಗಲೇ ಮಗ್ಗಗಳ ಸದ್ದು ಕೇಳಿಸಿತು. ಆಕೆಯ ಗಂಡ ಮಗ್ಗದ ಕೋಣೆಯಿಂದಲೇ ಕೈ ಎತ್ತಿ ನಮಸ್ಕಾರ ಮಾಡಿ ಕೆಲಸಕ್ಕೆ ಮರಳಿದ. ಪಡಸಾಲೆಯಲ್ಲಿ, ಮಗ್ಗದ ಕೋಣೆಯ ಗೋಡೆಗೆ ತಾಗಿ ಮುದುಕಿ ಕೂತಿದ್ದಳು. ಎಡಗೈ ಗೋಡೆಯ ಮೇಲಿತ್ತು. ನಾನು ಓದಿದ ಕೈ, ನಾನು ಬರೆದ ಕೈ, ಅಲ್ಲಿಯತನಕ ಎಂದೂ ನೋಡದ ಕೈ.

ಸೊಸೆ ಅತ್ತೆಯ ಮುಂದೆ ಕೂತು, ಕೈಸನ್ನೆ ಮಾಡಿ, ಬಾಯಿ ಅಗಲಿಸಿ ನಿಧಾನವಾಗಿ ಹೇಳಿದಳು. ಪುಸ್ತಕದಲ್ಲಿ ನಿಮ್ಮನ್ನು ಬರೆದವರು ಇವರೇ ಎಂದು ಹೇಳುತ್ತಿದ್ದಾಳೆಂದು ನನಗೂ ತಿಳಿಯಿತು. ಮುದುಕಿ ಗೋಡೆಯಿಂದ ಕೈ ತೆಗೆದು ನನ್ನನ್ನು ಹತ್ತಿರ ಕರೆದಳು. ಬಗ್ಗಿದೆ. ಆ ಅಂಗೈಯನ್ನು ನನ್ನ ತಲೆಯ ಮೇಲಿಟ್ಟು, ನೂರು ವರ್ಷ ಬಾಳಪ್ಪ ಎಂದು ಹರಸಿದಳು. ಕಿವಿ ಕೇಳದವರ ದನಿ, ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ನನ್ನ ಜೀವಮಾನದಲ್ಲಿ ಹಾರ ತುರಾಯಿ ಎಷ್ಟೋ ಹಾಕಿಸಿಕೊಂಡಿದ್ದೇನೆ. ಆ ಕೈಯ ಕೆಳಗೆ ಬಗ್ಗಿದಾಗ ಕುಗ್ಗಿದಷ್ಟು ಎಂದೂ ಕುಗ್ಗಿಲ್ಲ.

ಆಕೆ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತಳು. ನನಗೆ ಖುರ್ಚಿ ಕೊಟ್ಟಿದ್ದಳು, ನಾನು ಚಾಪೆಯ ಮೇಲೆ ಕೂತೆ. ವಹಿಗಳನ್ನೂ ಕಟ್ಟನ್ನೂ ಕೈಗೆ ಕೊಟ್ಟೆ. ಆಕೆ ಕಟ್ಟು ಬಿಚ್ಚಿ, ಅತ್ತೆಯ ಬಗ್ಗೆ ಬರೆದ ಒಂದೂವರೆ ಹಾಳೆಯನ್ನು ಹುಡುಕಿ ತೆಗೆದಳು. ಪಕ್ಕದಲ್ಲಿದ್ದ ಪೆನ್ನಿನಿಂದ ಅಡ್ಡಡ್ಡ ಗೆರೆ ಎಳೆಯತೊಡಗಿದಳು. ಅವಸರವಿಲ್ಲದೆ, ಸಾಲು ಬಿಡದೆ. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ನೀವು ಬರದು ಅಚ್ಚಾದಮ್ಯಾಲ ಇದು ನನ್ನ ಹತ್ರ ಇರಬಾರದಲ್ರಿ ಸರ್ರ. ನಾಳೆ ಯಾರರ ನೋಡಿದ್ರ ನಿಮ್ಮ ಕಥಿ ನಾ ಕದ್ದೇನಿ ಅಂತಾರ."

ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟೆ. "ಕದ್ದಾಂವ ನಾನ್ರೀ ಅಕ್ಕಾರ" ಎಂದೆ. ಎದುರಿಗೆ ನಿಮ್ಮ ಹಾಳೆ ಇಟ್ಟುಕೊಂಡೇ ಬರೆದೆ ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಜೇಬಿನಲ್ಲಿದ್ದ ನೋಟುಬುಕ್ಕು ಖಾಲಿ ಇತ್ತು ಎಂದೆ. ಅಂದೇ ಕೊಂಡು ಮಡಚಿ ಹಳೆಯದು ಮಾಡಿದ್ದೆ ಎಂದೆ. ಐದಕ್ಕೆ ಎಂದೂ ಎದ್ದವನಲ್ಲ, ನಿಘಂಟು ನೋಡುವವನಲ್ಲ, ನಿಮಗೆ ಹೇಳಿದ ರೂಢಿಗಳಲ್ಲಿ ಒಂದೂ ನನಗಿಲ್ಲ ಎಂದೆ.

ಕದ್ದ ಮಾತು ಕೇಳಿ ಆಕೆ ಪೆನ್ನು ಕೆಳಗಿಟ್ಟು ರಾಟೆ ತಿರುಗಿಸತೊಡಗಿದ್ದಳು. ಅದು ಆಕೆಗೆ ಮೊದಲೇ ಗೊತ್ತಿತ್ತೇನೋ. ರಾಟೆ ನಿಲ್ಲಿಸಿದ್ದು ಕೊನೆಯ ಮಾತಿಗೆ.

"ಐದಕ್ಕ ಏಳೂದೂ ಸುಳ್ಳೇನ್ರಿ?"

ಹೌದು ಎಂದೆ.

"ನನಗ ಬರಂಗಿಲ್ಲ ಅಂತ ತಿಳಕೊಂಡಿದ್ನಲ್ರಿ" ಎಂದಳು. ಕಣ್ಣಲ್ಲಿ ನೀರು ಬಂದಿರಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ಆಮೇಲೆ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಮೊದಲು ಆಕೆ ರಾಟೆಯ ಕಾಲಿಗೆ ಒಂದು ಪೆನ್ಸಿಲ್ಲು ಕಟ್ಟಿಕೊಂಡಿದ್ದಳು. ಒಂದು ಕಂಡಿಕೆ ತುಂಬಿ ಇನ್ನೊಂದನ್ನು ಹಾಕುವ ನಡುವೆ ಸಿಗುವಷ್ಟು ಹೊತ್ತಿನಲ್ಲಿ ಒಂದು ಸಾಲು ಬರೆಯುತ್ತಿದ್ದಳು. ಮುಂದಿನ ಕಂಡಿಕೆ ಸುತ್ತುವಾಗ ಮುಂದಿನ ಸಾಲು ತಲೆಯಲ್ಲಿ ತಯಾರಾಗುತ್ತಿತ್ತು. ಸಂಜೆಗೆ ಒಂದು ಹಾಳೆ. ಶಿಬಿರದಲ್ಲಿ ನನ್ನ ಮಾತು ಕೇಳಿದ ಮೇಲೆ ಹಾಗೆ ಕದ್ದುಮುಚ್ಚಿ ಬರೆಯುವುದು ಬರೆಯುವುದೇ ಅಲ್ಲವೆಂದು ನಾಚಿಕೊಂಡು ಪೆನ್ಸಿಲ್ಲು ಬಿಚ್ಚಿಟ್ಟಿದ್ದಳು. ಐದಕ್ಕೆ ಎದ್ದು ನಿದ್ದೆಗಣ್ಣಿನಲ್ಲಿ ಕೂತು, ಹಗಲು ರಾಟೆಯ ಮುಂದೆ ತೂಕಡಿಸಿ, ಎರಡು ಸಲ ಗಂಡನ ಕೈಲಿ ಬೈಸಿಕೊಂಡಿದ್ದಳು. ಬೈದಾಗಲೂ ಸರ್ ದಿನಾ ಮಾಡುತ್ತಾರೆ ಎಂದು ನನ್ನನ್ನೇ ಮುಂದೆ ಮಾಡಿದ್ದಳಂತೆ.

ಚಹಾ ಕೊಟ್ಟಳು. ಕುಡಿದೆ. ಹೊರಡುವಾಗ, ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿಸುತ್ತೇನೆ ಎಂದೆ. ನಿಮ್ಮ ಮನಸ್ಸು ಎಂದಳು. ಓಣಿಯ ತುದಿಯತನಕ ಕಳಿಸಲು ಬರುವುದು ಆ ಕಡೆಯ ಪದ್ಧತಿ. ಆಕೆ ಹೊಸ್ತಿಲಲ್ಲೇ ನಿಂತಳು.

ಸಂಪಾದಕರಿಗೆ ಬರೆದೆ. ಅವರು ಫೋನು ಮಾಡಿ, ಇದನ್ನೆಲ್ಲಾ ದೊಡ್ಡದು ಮಾಡಬೇಡಿ, ಎಲ್ಲರೂ ಎಲ್ಲಿಂದಲೋ ತರುತ್ತಾರೆ ಎಂದರು. ನಾನು ಒಂದು ಕಾಲಕ್ಕೆ ನನಗೆ ಹೇಳಿಕೊಂಡಿದ್ದ ಮಾತೇ ಅದು. ಮತ್ತೆ ಬರೆದೆ. ಕೊನೆಗೆ ಒಂದು ಸಂಚಿಕೆಯಲ್ಲಿ, ಓದುಗರ ಪತ್ರಗಳ ಕೆಳಗೆ, ಕಥೆಯ ತಿರುಳು ಆಕೆಯದೆಂದು ನಾಲ್ಕು ಸಾಲು ಹಾಕಿದರು. ನಾಲ್ಕೇ ಸಾಲಾದರೂ ಓದಬೇಕಾದವರೆಲ್ಲಾ ಓದಿದರು. ಹೆಡ್‌ಮಾಸ್ತರರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುನವಳ್ಳಿಯ ಗೆಳೆಯರು, ಹೇಳಿಕೊಳ್ಳುವ ಹುಚ್ಚು ಯಾಕೆ ಬೇಕಿತ್ತು ಎಂದರು. ಆ ಚಳಿಗಾಲಕ್ಕೆ ಕಿತ್ತೂರಿನ ಒಂದು ಸಂಸ್ಥೆಯವರು ಬರಹಗಾರನ ರೂಢಿಗಳ ಮೇಲೆಯೇ ಮಾತಾಡಲು ನನ್ನನ್ನು ಕರೆದಿದ್ದರು. ಕಾರ್ಯಕ್ರಮ ಮುಂದಕ್ಕೆ ಹೋಗಿದೆ ಎಂದು ಫೋನು ಬಂತು. ಅದೇ ದಿನ ಬೇರೊಬ್ಬರನ್ನು ಕರೆಸಿ ಮಾಡಿದರೆಂದು ಆಮೇಲೆ ತಿಳಿಯಿತು. ಬೇಸರವಾಗಲಿಲ್ಲ, ಸಮಾಧಾನವಾಯಿತು. ಇಷ್ಟರಿಂದಲೇ ಸಮಾಧಾನಗೊಂಡೆನಲ್ಲಾ ಎಂದು ಅದಕ್ಕೂ ನಾಚಿಕೆಯಾಯಿತು.

ಹೆಂಡತಿ ಆ ನಾಲ್ಕು ಸಾಲು ಓದಿ ಪತ್ರಿಕೆಯನ್ನು ಮಡಚಿಟ್ಟಳು. ರಾಮದುರ್ಗಕ್ಕೆ ತಾನೂ ಒಮ್ಮೆ ಹೋಗಿಬರಬೇಕು, ತಾನು ಹೇಳಿದ ಸುಳ್ಳೊಂದು ಅಲ್ಲಿ ಉಳಿದಿದೆ ಎಂದಳು. ಹೋಗಿಯೂ ಬಂದಳು, ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಅಲ್ಲಿ ಏನು ಮಾತಾದವೆಂದು ಕೇಳಿದರೆ, ಹೆಂಗಸರ ಮಾತು ಎಂದಷ್ಟೇ ಹೇಳಿದಳು. ಈಗ ಅವರಿಬ್ಬರೂ ಹಬ್ಬಕ್ಕೆ ಫೋನಿನಲ್ಲಿ ಮಾತಾಡುತ್ತಾರೆ.

ಸಂಪಾದಕರು ಆಮೇಲೆ ಆಕೆಯನ್ನೇ ಕೇಳಿದರಂತೆ, ಅತ್ತೆಯ ಬಗ್ಗೆ ನೀವೇ ಬರೆದು ಕೊಡಿ ಎಂದು. ಆಕೆ ಕೊಡಲಿಲ್ಲ. ನಾನೂ ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅದೇ ನೆನಪು, ಅದೇ ಅತ್ತೆ, ಮತ್ತೆ ಬರೆಯಬಹುದಲ್ಲ ಎಂದೆ. ಬರೆಯಲು ಕೂತರೆ ನಿಮ್ಮ ಕಥೆಯ ಸಾಲುಗಳೇ ಮೊದಲು ನೆನಪಿಗೆ ಬರುತ್ತವೆ, ನನ್ನವು ಯಾವುವೆಂದು ತಿಳಿಯುವುದಿಲ್ಲ ಎಂದಳು. ದೂರುವ ದನಿಯಲ್ಲಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. ಕದ್ದದ್ದನ್ನು ಹಿಂದಿರುಗಿಸಬಹುದು ಎಂದು ಅಲ್ಲಿಯತನಕ ನಂಬಿದ್ದೆ.

ಹೋದ ತಿಂಗಳು ಹೆಂಡತಿ ಆಕೆಯ ಜೊತೆ ಮಾತಾಡುತ್ತಿದ್ದವಳು ಫೋನನ್ನು ನನ್ನ ಕೈಗೆ ಕೊಟ್ಟಳು. ಏನು ಕೇಳಬೇಕೋ ತಿಳಿಯದೆ, ಬರವಣಿಗೆ ನಡೆದಿದೆಯೇ ಎಂದು ಕೇಳಿದೆ.

"ಬರಿಯಾಕತ್ತೇನ್ರಿ ಸರ್ರ" ಎಂದಳು. ಆಮೇಲೆ ಮೆತ್ತಗೆ, "ಆದ್ರ ನಿಮಗ ತೋರಸಂಗಿಲ್ರಿ" ಎಂದಳು.

ತೋರಿಸಬೇಡಿ ಎಂದೆ. ಆಕೆ, ಅಕ್ಕಾರಿಗೆ ಕೊಡ್ರಿ ಎಂದಳು. ಫೋನನ್ನು ಹೆಂಡತಿಗೆ ಕೊಟ್ಟು ನಾನು ಹೊರಗೆ ಬಂದು ಕೂತೆ.